ಹೆಸರು ಬಿಟ್ಟು ಬರದದ್ದು

ನಮ್ಮ ಇಂಗ್ಲಿಷ್ ಸರ್ ಅವರ ಹೆಸರು ಈ ಬರಹದಾಗ ಎಲ್ಲೂ ಬರೂದಿಲ್ಲ. ಹುಡುಕಬ್ಯಾಡ್ರಿ. ನಾ ಮರತಿಲ್ಲ, ಮನೆತನದ ಹೆಸರು ಸಮೇತ ನೆನಪೈತಿ. ಬೇಕಂತ ಬಿಟ್ಟೀನಿ. ಅವರು ನನ್ನ ಹೆಸರು ಮೂವತ್ತು ವರ್ಷ ಕಸಗೊಂಡು ಇಟಗೊಂಡಿದ್ರು. ನಾ ಅವರದನ್ನ ನಾಕೈದು ಪುಟದಷ್ಟು ಹೊತ್ತು ಇಟಗೊಂಡ್ರ ಯಾರ ಗಂಟೂ ಹೋಗೂದಿಲ್ಲ.

ಹೋದ ತಿಂಗಳ ಲಕ್ಷ್ಮೇಶ್ವರದಾಗ ಹಳೇ ವಿದ್ಯಾರ್ಥಿಗಳೆಲ್ಲ ಕೂಡಿ ಅವರಿಗೆ ಗುರುವಂದನಾ ಮಾಡಿದ್ವಿ. ಈಗ ಅದರ ಸ್ಮರಣ ಸಂಚಿಕೆ ತರ್ತಾರಂತ. ಗದಗದಾಗ ಔಷಧ ಅಂಗಡಿ ಇಟ್ಟಿರೋ ನನ್ನ ಗೆಳೆಯ ಈರಣ್ಣ ಫೋನ್ ಹಚ್ಚಿದ. "ಲೇ ಆರೋಪಿ, ಸರ್ ಮ್ಯಾಲ ಒಂದು ಲೇಖನ ಬರದು ಕೊಡಲೇ. ನೀ ಅವರ ಖಾಸ್ ಶಿಷ್ಯಾ. ಅದೂ ಅಲ್ದ ನೀನೂ ಇಂಗ್ಲಿಷ್ ಮಾಸ್ತರ. ಚಂದಂಗ ಬರಿ" ಅಂದ. ಬರೀತೀನಿ ಅಂದೆ. ಚಂದಂಗ ಬರೀತೀನಿ ಅಂತ ಮಾತು ಕೊಡಲಿಲ್ಲ.

ಆರೋಪಿ ಅನ್ನೂದು ನನ್ನ ಹೆಸರಲ್ಲ. ನನ್ನ ಹೆಸರು ದಾವಲಸಾಬ. ನಾವು ಲಕ್ಷ್ಮೇಶ್ವರದ ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯೂ ಮಂದಿ. ಅಪ್ಪ ದಿನಾ ಸಂಜಿಕೆ ಹುಬ್ಬು ಮೀಸಿ ಸಮೇತ ಹತ್ತಿ ಮೆತ್ತಿಕೊಂಡು ಬೆಳ್ಳಗಾಗಿ ಮನಿಗೆ ಬರತಿದ್ದ. ಮಾರಿ ತೊಳಕೊಂಡ ಮ್ಯಾಲ ನಮ್ಮಂಗ ಕರ್ರಗ ಆಗತಿದ್ದ. "ಹೊರಗ ಇದ್ದಷ್ಟು ಹೊತ್ತು ದೊಡ್ಡ ಸಾಹೇಬ ಇದ್ದಿ, ಈಗ ನಮ್ಮಾಂವ ಆದಿ ನೋಡು" ಅಂತ ಅವ್ವ ನಗತಿದ್ಲು. ನಮ್ಮ ಮನ್ಯಾಗ ಬಣ್ಣ ಅಂದ್ರ ಅಷ್ಟ, ನಗೂ ಮಾತು. ಅದು ನಾಚೂ ಮಾತು ಅಂತ ನನಗ ಕಲಿಸಿದವರು ಸರ್.

ಸುಳ್ಳು ಹೇಳೂದಿಲ್ಲ, ಕಲಿಸೂದರಾಗ ಅವರ ಸರಿಸಾಟಿ ಯಾರೂ ಇರಲಿಲ್ಲ. ಗದಗಿಂದ ಮೊದಲನೇ ಬಸ್ಸಿಗೆ ನಮ್ಮ ಕಾಲೇಜಿಗೆ ಬರತಿದ್ರು. ಬಿಳಿ ಅಂಗಿ, ಕಿಸೇದಾಗ ಎರಡು ಪೆನ್ನು, ಬಾಯಾಗ ಒಂದು ಲವಂಗ. ಪಾಠ ಸುರು ಮಾಡೂಕಿಂತ ಮೊದಲ ಆ ಲವಂಗ ಬಲಗಡೆ ದವಡಿಯಿಂದ ಎಡಗಡೆ ದವಡಿಗೆ ಹೋಗತಿತ್ತು. ಅದು ಹೋತು ಅಂದ್ರ ಕ್ಲಾಸು ಗಪ್ ಚುಪ್. ಯಾರಿಗೂ ಒಂದು ದಿನ ಬಡಿಲಿಲ್ಲ, ಬೈಲಿಲ್ಲ. ಜ್ವರ ಬಂದ್ರೂ ರಜಾ ಹಾಕಲಿಲ್ಲ. ಇವನ್ನೆಲ್ಲ ಉಳದವರು ತಮ್ಮ ತಮ್ಮ ಲೇಖನದಾಗ ಬರದಿರ್ತಾರ, ನಾ ಇಷ್ಟಕ್ಕ ಬಿಡ್ತೀನಿ.

ಶನಿವಾರ ಕಡೀ ಪಿರಿಯಡ್ಡಿಗೆ ಅವರು ಸಿಲಬಸ್ ಬಾಜೂಕಿಟ್ಟು ಒಂದು ಕಾದಂಬರಿ ಹೇಳತಿದ್ರು. ಅಮೆರಿಕಾದ್ದು, ಹಳೇದು, ಜಗತ್ತೆಲ್ಲ ಓದಿದ್ದು. ಕತಿ ಹೇಳಾಕಿ ಹತ್ತು ವರ್ಷದ ಒಂದು ಬಿಳಿ ಹುಡುಗಿ. ಅಕಿ ಊರಾಗ ಗಿರಣಿಗೆ ಬೆಂಕಿ ಬೀಳತೈತಿ. ಹಚ್ಚಿದಾಂವ ಕರಿಯರ ಕೇರಿಯ ಬಡಿಗ್ಯಾ ಅಂತ ಬಿಳಿ ಮಂದಿ ಅವನ್ನ ಹಿಡದು ಕೋರ್ಟಿಗೆ ಎಳೀತಾರ. ಖರೇ ಹಚ್ಚಿದಾಂವ ಯಾರು ಅನ್ನೂದನ್ನ ಆ ಹುಡುಗಿ ಕಣ್ಣಾರೆ ನೋಡಿರ್ತಾಳ. ಆದ್ರ ಅಕಿನ್ನ ಯಾರೂ ಕೇಳೂದಿಲ್ಲ. ಬಡಿಗ್ಯಾಗ ಶಿಕ್ಷಾ ಆಗತೈತಿ.

ಸರ್ ಒಂದು ಸಾಲು ಇಂಗ್ಲಿಷಿನ್ಯಾಗ ಓದತಿದ್ರು, ಹತ್ತು ಸಾಲು ನಮ್ಮ ಭಾಷಾದಾಗ ಹೇಳತಿದ್ರು. ಕೇಳಕೋತ ಕುಂತ್ರ ಆ ಗಿರಣಿ ನಮ್ಮ ಊರ ಜಿನ್ನಿಂಗ್ ಫ್ಯಾಕ್ಟರಿ ಹಿಂದ ಐತಿ ಅನ್ನಸತಿತ್ತು. ಕೋರ್ಟಿನ ಭಾಗ ಬಂದ ಕೂಡ್ಲೆ ಚಷ್ಮಾ ತಗದು ಅಳತಿದ್ರು. ಖರೇನ ಅಳತಿದ್ರು, ನಾಟಕ ಅಲ್ಲ. "ಮನಷ್ಯಾನ್ನ ಚರ್ಮದಿಂದ ಅಳೀಬ್ಯಾಡ್ರಪಾ. ಅಳದ್ರ ನೀವು ಕಲತದ್ದೆಲ್ಲ ಮಣ್ಣುಪಾಲು" ಅನ್ನತಿದ್ರು. ನಾ ಅದನ್ನ ಒಂದು ಹಾಳಿ ಮ್ಯಾಲ ಬರಕೊಂಡಿದ್ದೆ. ಆ ಹಾಳಿ ಇನ್ನೂ ನನ್ನ ಹತ್ರ ಐತಿ. ಮುಂದೊಂದು ದಿನ ಅವರ ಮಾರಿಗೆ ಹಿಡೀಬೇಕು ಅಂತ ಇಟಗೊಂಡಿದ್ದೆ.

ಆ ವರ್ಷ ಕಾಲೇಜಿನ ಗ್ಯಾದರಿಂಗಿಗೆ ಆ ಕೋರ್ಟಿನ ಭಾಗನ್ನ ನಾಟಕ ಮಾಡಸೂದು ಅಂತ ಸರ್ ಠರಾಯಿಸಿದ್ರು. ತಾವ ಕನ್ನಡದಾಗ ಬರದು ತಂದು, ಕ್ಲಾಸಿನ್ಯಾಗ ಪಾತ್ರ ಹಂಚಾಕ ನಿಂತ್ರು. ಈರಣ್ಣ ದಪ್ಪಗಿದ್ದ, ಅವನ್ನ ನ್ಯಾಯಾಧೀಶ ಮಾಡಿದ್ರು. "ಇನ್ನ ಆರೋಪಿ" ಅಂದು ಲವಂಗ ಆ ಕಡಿಂದ ಈ ಕಡೆ ತಂದ್ರು. ಬೆರಳು ಮುಂದಿನ ಬೆಂಚಿನಿಂದ ಹೊಂಟು, ಒಬ್ಬೊಬ್ಬರನ್ನ ದಾಟಿ, ನನ್ನ ಮ್ಯಾಲ ಬಂದು ನಿಂತಿತು.

"ನೀ ಬಾರೋ. ನಿನಗ ಬಣ್ಣ ಹಚ್ಚೂ ತ್ರಾಸ ಇಲ್ಲ. ದೇವರ ಹಚ್ಚಿ ಕಳಸ್ಯಾನ."

ಕ್ಲಾಸು ಹೊಟ್ಟಿ ಹಿಡಕೊಂಡು ನಕ್ಕಿತು. ನಾನೂ ನಕ್ಕೆ. ಆ ನಗಿ ನೆನಪಾದ್ರ ಇವತ್ತಿಗೂ ನನ್ನ ಕಪಾಳಕ್ಕ ನಾನ ಹೊಡಕೋಬೇಕು ಅನ್ನಸತೈತಿ.

ನನ್ನ ಪಾರ್ಟಿಗೆ ಇದ್ದದ್ದು ಒಂದ ಮಾತು. ನ್ಯಾಯಾಧೀಶ ಕೇಳತಾನ, "ನಿಂದೇನರ ಹೇಳೂದೈತೇನು?" ಆರೋಪಿ ತಲಿ ತೆಳಗ ಹಾಕಿ, "ಏನೂ ಇಲ್ರಿ ಸಾಹೇಬ್ರ" ಅಂತಾನ. ತಾಲೀಮಿನ್ಯಾಗ ಸರ್ ಅದನ್ನ ನನ್ನ ಕಡಿಂದ ನೂರು ಸಲ ಹೇಳಿಸಿರಬೇಕು. "ಇನ್ನಷ್ಟು ಬಗ್ಗು. ದನಿ ಇನ್ನೂ ಸಣ್ಣದಾಗಲಿ. ಹಾಂ, ಈಗ ಬಂತು ನೋಡು!" ಬಂತು ಖರೆ. ಬಂದದ್ದು ಹೋಗಾಕ ಭಾಳ ವರ್ಷ ಬೇಕಾತು.

ಗ್ಯಾದರಿಂಗ್ ಆತು, ಚಪ್ಪಾಳಿ ಬಿದ್ವು. ಮರುದಿನ ಸರ್ ಹಾಜರಿ ಹಾಕ್ಕೋತ ನನ್ನ ನಂಬರಿಗೆ ಬಂದು ತಲಿ ಎತ್ತಿದ್ರು. "ಎಲ್ಲದಾನ ನಮ್ಮ ಆರೋಪಿ?" ಅಂದ್ರು. "ಹಾಜರ್ ರಿ ಸರ್" ಅಂದೆ. ಮುಗೀತು. ದಾವಲಸಾಬ ಅನ್ನೂ ಹುಡುಗ ಅವತ್ತ ಆ ಕಾಲೇಜು ಬಿಟ್ಟ. ಚಾದಂಗಡಿಯಾಗ ಆರೋಪಿ, ಮೈದಾನದಾಗ ಆರೋಪಿ. ಲೈಬ್ರರಿಯಾಗ ಪುಸ್ತಕ ಕಾಣಲಿಲ್ಲಂದ್ರ "ಆರೋಪಿನ್ನ ಕೇಳ್ರಿ" ಅಂತ ಮೊದಲ ನನ್ನ ಚೀಲ ಝಾಡಿಸೋರು. "ಚ್ಯಾಷ್ಟಿ ಮಾಡಿದ್ವಿ ಬಿಡಲೇ" ಅಂತ ಆಮ್ಯಾಲ ಬೆನ್ನು ತಟ್ಟೋರು. ಸರ್ ಕಡೀತನಕ ನನ್ನ ಹೆಸರು ಒಮ್ಮಿನೂ ಕರೀಲಿಲ್ಲ.

ಇಷ್ಟ ಆಗಿದ್ರ ನಾ ಅವರ ಹೆಸರು ಬರದುಬಿಡತಿದ್ದೆ. ಗಂಡಸ ಮನಷ್ಯಾ, ಒಂದು ಅಡ್ಡೆಸರಿಗೆ ಅಳಕೋತ ಕುಂಡ್ರೂದು ಏನೈತಿ. ನನ್ನ ಸಿಟ್ಟು ನನ್ನ ತಂಗಿ ಸಲುವಾಗಿ. ಅಕಿ ಹೆಸರು ಮಮತಾಜ. ಇದನ್ನ ದಪ್ಪ ಅಕ್ಷರದಾಗ ಛಾಪಿಸಬೇಕು ಅಂತ ಈರಣ್ಣಗ ಹೇಳೀನಿ.

ಮಮತಾಜ ನನಗಿಂತ ಒಂದು ವರ್ಷ ಸಣ್ಣಾಕಿ. ಸರ್ ಆ ಅಮೆರಿಕಾದ ಕಾದಂಬರಿ ನನಗ ಓದಾಕ ಕೊಟ್ಟಿದ್ರು. ನಾ ಮೂರು ಪುಟಕ್ಕ ಕೈ ಎತ್ತಿದೆ. ಅಕಿ ಡಿಕ್ಷನರಿ ಬಾಜೂಕಿಟಗೊಂಡು, ತಿಳೀದ ಶಬ್ದ ಕ್ಯಾಲೆಂಡರಿನ ಹಿಂದ ಬರಕೋತ, ಕಡೀ ಪುಟದ ಮಟಾ ಓದಿದ್ಲು. ಮರುವರ್ಷ ತಾನೂ ಕಾಲೇಜಿಗೆ ಬಂದ್ಲು. ಮೊದಲನೇ ಶನಿವಾರನ ಎದ್ದು ನಿಂತು ಕೇಳಿದ್ಲಂತ: "ಸರ್, ಊರ ಮಂದಿನ್ನೆಲ್ಲ ಸಾಕ್ಷಿಗೆ ಕರದ್ರು. ಆ ಹುಡುಗಿನ್ನ ಯಾಕ ಯಾರೂ ಕೇಳಲಿಲ್ರಿ?" ಸರ್ ಭಾಳ ಖುಷಿಯಾಗಿ, "ಛಲೋ ಪ್ರಶ್ನೆ ಕೇಳಿದಿ. ಕುಂಡ್ರವಾ" ಅಂದ್ರಂತ. ಉತ್ತರ ಹೇಳಲಿಲ್ಲ.

ಆ ವರ್ಷ ಮತ್ತ ಅದ ನಾಟಕ, ಆರೋಪಿ ಮತ್ತ ನಾನ. ಮಂದಿ ಮೆಚ್ಚ್ಯಾರಂತ ಸರ್ ಅದನ್ನ ಬೆಳಸಿದ್ರು. ಕತಿ ಹೇಳೂ ಆ ಹುಡುಗಿ ರಂಗದ ಮುಂದ ಬಂದು ತಾ ನೋಡಿದ್ದನ್ನ ಮಂದಿಗೆ ಹೇಳೂ ಹಂಗ ಒಂದು ಉದ್ದನ ಮಾತು ಕೂಡಿಸಿದ್ರು. ಮಮತಾಜ ಅದನ್ನ ನನ್ನ ವಹಿಯಿಂದ ಇಳಿಸಿಕೊಂಡು ಬಾಯಿಪಾಠ ಮಾಡಿದ್ಲು. ಮುಂಜಾನಿ ರೊಟ್ಟಿ ಬಡಕೋತ ಹೇಳತಿದ್ಲು. ರೊಟ್ಟಿ ಸಪ್ಪಳದ ಕೂಡ ಮಾತೂ ತಾಳ ಹಿಡಕೊಂಡು ಬರತಿತ್ತು. ಅವ್ವಗೂ ಅರ್ಧ ಬಾಯಿಪಾಠ ಆಗಿತ್ತು.

ಪಾತ್ರ ಹಂಚೂ ದಿನ ಸರ್ ಬೆರಳು ಅಕಿ ಮ್ಯಾಲ ಬಂತು. "ನೀ ಆರೋಪಿ ತಂಗಿ ಅಲ್ಲೇನವಾ? ನಾಟಕದಾಗೂ ಆರೋಪಿ ತಂಗಿನ ಆಗು. ಮಾತಿಲ್ಲ, ಹಿಂದ ಕುಂತು ಅಳೂದು."

"ನನಗ ಆ ಹುಡುಗಿ ಪಾರ್ಟು ಪೂರಾ ಬರತೈತ್ರಿ ಸರ್" ಅಂದ್ಲು ಮಮತಾಜ.

"ಬರತೈತಿ ಖರೆ. ಆದ್ರ ಅಕಿ ಬಿಳಿ ಹುಡುಗಿ ಅದಾಳಲ್ಲವಾ. ನೋಡೂ ಮಂದಿ ಒಪ್ಪಬೇಕಲ್ಲ."

ಆ ಪಾರ್ಟು ಅರಿವಿ ಅಂಗಡಿ ಸಾವಕಾರ್ರ ಮಗಳಿಗೆ ಹೋತು. ಹಾಲಿನಂಥಾ ಬಣ್ಣ ಅಕಿದು. ಪಾಪ, ಅಕಿದೇನೂ ತಪ್ಪಿಲ್ಲ, ಆದ್ರ ಎರಡು ಸಾಲು ನೆನಪಿಡೂದು ಅಕಿ ಹಣೇಬರಹದಾಗ ಇರಲಿಲ್ಲ. ಗ್ಯಾದರಿಂಗಿನ ಹಿಂದಿನ ದಿನ ಸರ್ ತಲಿ ಕೆಟ್ಟು ಮಮತಾಜಗ ಹೇಳಿದ್ರು, "ಅಳೂದು ಬ್ಯಾಡ. ನೀ ಪರದೆ ಹಿಂದ ನಿಂತು ಅಕಿಗೆ ಹೇಳಿಕೊಡು." ನಾಟಕದ ದಿನ ನಾ ಕಟಕಟಿಯಾಗ ನಿಂತು ಎರಡೂ ಕೇಳಿದೆ. ಮೊದಲ ಪರದೆ ಹಿಂದ ನನ್ನ ತಂಗಿ ಪಿಸಮಾತು. ಆಮ್ಯಾಲ ಮೈಕಿನ ಮುಂದ ಇನ್ನೊಬ್ಬಾಕಿ ದನಿ. ಪೂರಾ ನಾಟಕ ಹಂಗ ನಡೀತು. ಉತ್ತಮ ನಟಿ ಬಹುಮಾನ ಮೈಕಿಗೆ ಹೋತು.

ಮರುದಿನ ಮಮತಾಜ ಕಾಲೇಜಿಗೆ ಏಳಲಿಲ್ಲ. ಅಪ್ಪ ಬೈದ, ಅವ್ವ ಅತ್ತು ಕರದ್ಲು. ಅಕಿ ಗಾದಿ ಅಂಚು ಹೊಲಕೋತ ಕುಂತಾಕಿ ತಲಿ ಎತ್ತಲಿಲ್ಲ. ಹತ್ತು ದಿನದ ಮ್ಯಾಲ ಸರ್ ನನ್ನ ವರಾಂಡದಾಗ ನಿಲ್ಲಿಸಿದ್ರು. "ನಿನ್ನ ತಂಗಿ ಯಾಕೋ ಬರವಲ್ಲಳು?" ಅಂದ್ರು. ನಾ ಬಾಯಿ ತಗಿಯೂದರಾಗ ತಾವ ಹೇಳಿದ್ರು, "ತಿಳೀತು ಬಿಡು. ನಿಮ್ಮ ಮಂದ್ಯಾಗ ಹೆಣ್ಣಮಕ್ಕಳನ್ನ ಓದಸೂದು ಅಷ್ಟಕ್ಕಷ್ಟ. ಪಾಪ, ಶ್ಯಾಣ್ಯಾಕಿ ಇದ್ಲು. ಮನ್ಯಾಗ ಏನರ ತ್ರಾಸ ಐತೇನು?"

ನಾ ತಲಿ ತೆಳಗ ಹಾಕಿ, ತಾಲೀಮು ಮಾಡಿದ ಅದ ಸಣ್ಣ ದನಿಯಾಗ ಅಂದೆ, "ಏನೂ ಇಲ್ರಿ ಸರ್."

ಅದ ವರ್ಷ ಶಿಗ್ಲಿಯ ಒಬ್ಬ ಹುಡುಗ ಕಾಲೇಜು ಬಿಟ್ಟಾಗ ಇದ ಸರ್ ಬಿಸಲಾಗ ಬಾಡಿಗಿ ಸೈಕಲ್ ತುಳಕೊಂಡು ಶಿಗ್ಲಿಗೆ ಹೋಗಿ, ಅವರಪ್ಪನ ಕೂಡ ಜಗಳಾಡಿ, ಹುಡುಗನ್ನ ಹಿಂದ ಕುಂದ್ರಿಸಿಕೊಂಡು ಬಂದಿದ್ರು. ಕಾಲೇಜಿನಿಂದ ನಮ್ಮ ಮನಿಗೆ ಎರಡು ಓಣಿ. ಆ ಎರಡು ಓಣಿ ಆ ಸೈಕಲ್ಲಿಗೆ ಸಿಗಲಿಲ್ಲ. ಹೇಳೂದು ಶಾಸ್ತ್ರ, ಹಾಕೂದು ಗಾಳ ಅಂತಾರಲ್ಲ, ಹಂಗೂ ಅನ್ನಾಕ ಬರೂದಿಲ್ಲ ಇವರಿಗೆ. ಗಾಳ ಹಾಕಾಂವಗ ತಾ ಹಾಕೀನಿ ಅನ್ನೂದರ ಗೊತ್ತಿರತೈತಿ.

ನಾ ಹಟ ಹಿಡದು ಇಂಗ್ಲಿಷ್ ಮಾಸ್ತರನ ಆದೆ. ಮುಂಡರಗಿಯಾಗ ನೌಕರಿ. ಅದ ಕಾದಂಬರಿ ನಾನೂ ಮಕ್ಕಳಿಗೆ ಹೇಳ್ತೀನಿ, ಶನಿವಾರನ ಹೇಳ್ತೀನಿ. ಪಾತ್ರ ಮಾತ್ರ ಚೀಟಿ ಎತ್ತಿಸಿ ಹಂಚತೀನಿ. ಒಂದು ವರ್ಷ ಹಮ್ಮಿಗಿ ಕಡಿ ಒಬ್ಬ ಗೌಡ್ರ ಮಗನಿಗೆ ಆರೋಪಿ ಚೀಟಿ ಬಂತು. ಗೌಡ್ರು ಕಾರು ತಗೊಂಡು ಶಾಲಿಗೆ ಬಂದ್ರು. "ಏನ್ ಮಾಸ್ತರ, ನಮ್ಮ ಹುಡುಗ ಕಟಕಟಿಯಾಗ ನಿಲ್ಲಬೇಕೇನು? ಮಂದಿ ಏನಂದಾರು?" ಅಂದ್ರು. "ಚೀಟಿ ಬಂದೈತ್ರಿ ಗೌಡ್ರ. ಕುಂಡ್ರಿ, ಚಾ ಕುಡೀರಿ" ಅಂದೆ. ಹುಡುಗ ಬಗ್ಗಿ "ಏನೂ ಇಲ್ರಿ ಸಾಹೇಬ್ರ" ಅಂದಾಗ ನನ್ನ ಹೊಟ್ಟ್ಯಾಗ ಐಸ್ಕ್ರೀಮ್ ಇಟ್ಟಂಗಾತು. ಇದು ತಪ್ಪು ಅಂತೀರಿ? ಅನ್ರಿ. ಮೂವತ್ತು ವರ್ಷದಾಗ ನನಗ ಸಿಕ್ಕ ತಂಪು ಅದೊಂದ.

ಗುರುವಂದನಾ ಮಾಡಬೇಕು ಅಂತ ವಾಟ್ಸಾಪ್ ಗ್ರೂಪಿನ್ಯಾಗ ಠರಾವಾದಾಗ ಈರಣ್ಣ ಬರದ: ಆ ನಾಟಕನ್ನ ಹಳೇ ಮಂದಿನ ಮತ್ತೊಮ್ಮೆ ಮಾಡೂಣು, ಸರ್ ಖುಷಿ ಆಗ್ತಾರ. "ಆರೋಪಿ, ಬರ್ತಿಯಲ್ಲಲೇ?" ಎಲ್ಲಾರೂ ನಗೂ ಚಿತ್ರ ಹಾಕಿದ್ರು. ನಾ ಹೆಬ್ಬಟ್ಟು ಹಾಕಿದೆ. ಇವರಿಗೇನು ಗೊತ್ತು! ಕಟಕಟಿ ಇವರ ಕಟ್ಟಿ ಕೊಡತಾರ, ಮೈಕು ಇವರ ಇಡತಾರ, ಸರ್ ಎದುರಿಗೆ ಕುಂತಿರ್ತಾರ. "ನಿಂದೇನರ ಹೇಳೂದೈತೇನು?" ಅಂತ ಈರಣ್ಣನ ಕೇಳತಾನ. ಐತ್ರಿ, ಅಂತೀನಿ. ಹದಿನೈದು ದಿನ ಗಾಡಿ ಹೊಡಕೋತ, ಜಳಕ ಮಾಡಕೋತ ಭಾಷಣ ತಾಲೀಮು ಮಾಡಿದೆ. ಒಂದೊಂದು ಮಾತೂ ಮಸದು ಇಟ್ಟಿದ್ದೆ.

ಸರ್ ಅವರಿಗೆ ಈಗ ಬೆನ್ನುನೋವು, ಅದಕ್ಕ ಗ್ರೂಪಿನವರು ಉಡುಗೊರೆ ಅಂತ ಒಂದು ಹತ್ತಿ ಗಾದಿ ಕೊಡೂದು ಅಂತ ಮಾಡಿದ್ರು. ಗಾದಿ ಯಾರ ಅಂಗಡಿದು? ಮಮತಾಜಂದು. ಅಕಿನ್ನ ಶಿರಹಟ್ಟಿಗೆ ಕೊಟ್ಟೀವಿ. ಗಂಡ ಟೆಂಪೊ ಹೊಡೀತಾನ, ಅಕಿ ಹಿಂಜೂ ಮಶೀನು ಹಾಕ್ಕೊಂಡು ಗಾದಿ ಅಂಗಡಿ ನಡಸ್ತಾಳ. ನಾ ಹೋಗಿ ಹೇಳಿದೆ, "ನಾಕು ಮುಷ್ಟಿ ಹತ್ತಿಕಾಳು ಬಿಟ್ಟು ಹೊಲಿ. ಹೊಳ್ಳಿದಾಗೊಮ್ಮೆ ಚುಚ್ಚಲಿ."

ಅಕಿ ದಾ‌ರ ಹಲ್ಲಿಲೆ ಕಡದು ನನ್ನ ನೋಡಿದ್ಲು. "ಸೇಡು ನಿಂದು, ಗಾದಿ ನಂದು. ನಿನ್ನ ಸೇಡಿಗೆ ನನ್ನ ಕೆಲಸ ಯಾಕ ಕೆಡಸ್ಲಿ?"

"ನಿನಗ ಸಿಟ್ಟಿಲ್ಲೇನು ಹಂಗಾರ?"

"ಐತೋ ಇಲ್ಲೋ ನನಗ ಗೊತ್ತಣ್ಣಾ. ನೀ ಏನು ಹೇಳ್ತಿ ಹೇಳು. ನಾ ಕೇಳಾಕ ಬರ್ತೀನಿ."

ಕಾರ್ಯಕ್ರಮದ ದಿನ ಸಭಾಭವನ ತುಂಬಿತ್ತು. ಸರ್ ಮುಂದಿನ ಸಾಲಿನ್ಯಾಗ ಶಾಲು ಹೊದ್ದು ಕುಂತಿದ್ರು. ಮೈ ಇಳದಿತ್ತು, ಬಾಯಾಗ ಲವಂಗ ಮಾತ್ರ ಹಂಗ ಇತ್ತು. ಕಟಕಟಿ ಹತ್ತಾಕ ಹೊಂಟಾಗ ನನ್ನ ಕೈ ಹಿಡದು, "ಏನೋ ಆರೋಪಿ, ಕೂದಲಾ ಬೆಳ್ಳಗಾದ್ವಲ್ಲೋ!" ಅಂದ್ರು, ಬಾಯಿ ತುಂಬ ನಕ್ಕೋತ. ಮಮತಾಜ ಮೂರನೇ ಸಾಲಿನ್ಯಾಗ ಕುಂತಿದ್ಲು. ನಾ ಕಿಸೇದಾಗಿನ ಆ ಹಳೇ ಹಾಳಿ ಮುಟ್ಟಿ ನೋಡಕೊಂಡೆ.

ನಾಟಕ ಸುರು ಆತು. ನನ್ನ ಸರತಿ ಬರೂಕಿಂತ ಮೊದಲ ಆ ಹುಡುಗಿ ಮಾತು ಇತ್ತು. ಸಾವಕಾರ್ರ ಮಗಳು ಈಗ ಹುಬ್ಬಳ್ಳಿಯಾಗಿರ್ತಾಳ, ರೇಷ್ಮಿ ಸೀರಿ ಉಟಗೊಂಡು ಬಂದಿದ್ಲು. "ಅಯ್ಯ, ಎಲ್ಲಾ ನೆನಪೈತಿ ತಗೋರಿ" ಅಂತ ಕಾಗದ ಸುದ್ದಾ ನೋಡಿರಲಿಲ್ಲ. ಮುಂದ ಬಂದ್ಲು. "ಅವತ್ತು ಗಿರಣಿಗೆ ಬೆಂಕಿ ಬಿದ್ದಾಗ…" ಅಂದ್ಲು. ನಿಂತ್ಲು. ಮೂವತ್ತು ವರ್ಷದ ಹಿಂದಿನ ರೂಢಿ, ಅಕಿ ಕಿವಿ ತಾನ ಪರದೆ ಕಡೆ ಹೊಳ್ಳಿತು. ಪರದೆ ಹಿಂದ ಯಾರೂ ಇರಲಿಲ್ಲ.

ನಾ ಮಮತಾಜನ್ನ ನೋಡಿದೆ. ಕೈ ಉಡಿಯಾಗ ಇಟಗೊಂಡು ಸುಮ್ಮನ ಕುಂತಿದ್ಲು. ಅಕಿಗೆ ಪ್ರತಿ ಮಾತೂ ಬರತೈತಿ, ನನಗ ಗೊತ್ತೈತಿ. ತುಟಿ ಸುದ್ದಾ ಅಲಗಾಡಲಿಲ್ಲ. ಸಭಾ ಗುಜುಗುಜು ಆತು. ಸರ್ ಕುಂತಲ್ಲೇ ಚಡಪಡಿಸಿ ಕೂಗಿದ್ರು, "ಹಿಂದಿಂದ ಹೇಳಿಕೊಡ್ರೋ ಯಾರರ!"

"ಅವಾಗ ಹೇಳಿಕೊಡಾಕಿ ಒಬ್ಬಾಕಿ ಇದ್ಲ್ರಿ ಸರ್" ಅಂದ್ಲು ಸಾವಕಾರ್ರ ಮಗಳು, ಮೈಕಿನ್ಯಾಗ.

"ಯಾರಾಕಿ?" ಅಂದ್ರು ಸರ್.

ಮಮತಾಜ ಎದ್ಲು. ರಂಗದ ಮ್ಯಾಲ ಬರಲಿಲ್ಲ. ಪರದೆ ಹಿಂದೂ ಹೋಗಲಿಲ್ಲ. ನಡುವಿನ ಹಾದಿಲೆ ನಡದು ಬಂದು ಸರ್ ಎದುರಿಗೆ ನಿಂತು, ಸಾವಕಾಶ, ರೊಟ್ಟಿ ಬಡದ ತಾಳದಾಗ ಹೇಳಿದ್ಲು.

"ಅವತ್ತು ಗಿರಣಿಗೆ ಬೆಂಕಿ ಬಿದ್ದಾಗ ನಾ ಕಿಟಕ್ಯಾಗ ನಿಂತಿದ್ದೆ. ಕಂದೀಲು ಹಿಡದ ಕೈ ನೋಡೀನಿ. ಆ ಕೈ ಬಡಿಗ್ಯಾಂದಲ್ಲ. ನೀವು ಊರಾಗಿನ ದೊಡ್ಡವರನ್ನೆಲ್ಲ ಕೇಳಿದ್ರಿ. ಕುದರಿ ಕಾಯಾವನ್ನ ಕೇಳಿದ್ರಿ, ಗಿರಣಿ ಮಾಲಕನ್ನ ಕೇಳಿದ್ರಿ. ನಾ ಇಲ್ಲೇ ಇದ್ದೆ. ನಿಮ್ಮ ಎದುರಿಗೇ ಇದ್ದೆ. ನನ್ನ ಒಬ್ಬಾಕಿನ್ನ ಕೇಳಲಿಲ್ಲ."

ಸರ್ ಚಷ್ಮಾ ತಗದ್ರು. ಅತ್ರು. ಅಳಲಿ. ಅಳೂದು ಅವರಿಗೆ ಮೊದಲಿಂದ ಬರತೈತಿ. ಆಮ್ಯಾಲ ಶಾಲಿನ್ಯಾಗ ಕಣ್ಣು ಒರಸಿಕೊಂಡು ಎರಡೂ ಕೈ ಮುಂದ ಮಾಡಿ ಅಂದ್ರು, "ಎಷ್ಟ ಚಂದ ಹೇಳಿದಿವಾ! ನೀ ಯಾರವಾ? ನಿನ್ನ ಹೆಸರೇನು?"

"ಹಾಜರಿ ಪುಸ್ತಕದಾಗ ಇತ್ರಿ ಸರ್" ಅಂದ್ಲು ಮಮತಾಜ. ಅಂದಾಕಿನ ಹೊಳ್ಳಿ, ಶಿರಹಟ್ಟಿ ಬಸ್ಸಿಗೆ ಹೊತ್ತಾಕ್ಕೈತಿ ಅಂತ ಹೊರಗ ಹೋದ್ಲು.

ಸರ್ ದವಡಿಯಾಗಿನ ಲವಂಗ ನಿಂತಿತ್ತು. ಚಾಚಿದ ಕೈ ಹಂಗ ಇದ್ವು. ಈರಣ್ಣಗ ಏನು ಮಾಡಬೇಕು ತಿಳೀಲಿಲ್ಲ, ಗಾಬರ್‍ಯಾಗಿ ತನ್ನ ಮಾತು ಒದರಿಬಿಟ್ಟ: "ನಿಂದೇನರ ಹೇಳೂದೈತೇನು?"

ಹದಿನೈದು ದಿನದ ಭಾಷಣ ನನ್ನ ನಾಲಗಿ ಮ್ಯಾಲ ಇತ್ತು, ಹಾಳಿ ಕಿಸೇದಾಗ ಇತ್ತು. "ಏನೂ ಇಲ್ಲ. ಅಕಿ ಹೇಳಿದ್ಲಲ್ಲ" ಅಂದೆ. ತಲಿ ತೆಳಗ ಹಾಕಲಿಲ್ಲ. ಕಟಕಟಿ ಇಳದು ಬರೂದರಾಗ ಸರ್ ನನ್ನ ಅಂಗಿ ತುದಿ ಹಿಡದ್ರು. "ಅಕಿ… ನಿನ್ನ ತಂಗಿ ಅಲ್ಲೇನೋ? ಹೆಸರೇನೋ ಅಕಿದು? ಹೇಳೋ" ಅಂದ್ರು. ದನಿ ಭಾಳ ಸಣ್ಣದಾಗಿತ್ತು, ಅವರು ನನಗ ಕಲಿಸಿದ್ದ ಅಷ್ಟ ಸಣ್ಣದು.

"ಬರದು ಕೊಡತೀನ್ರಿ ಸರ್" ಅಂದೆ.

ಗಾದಿ ಅವರ ಮನಿ ಮುಟ್ಟೈತಂತ. ಬೆನ್ನಿಗೆ ಆರಾಮ ಐತಂತ, ಈರಣ್ಣ ಹೇಳಿದ. ಒಂದು ಕಾಳೂ ಚುಚ್ಚೂದಿಲ್ಲ, ನನ್ನ ತಂಗಿ ಕೆಲಸ ಅದು. ಚುಚ್ಚೂದು ನನ್ನ ಕೆಲಸ, ನಾ ಮಾಡೀನಿ. ಸಂಚಿಕೆ ಬಂದ ದಿನ ಸರ್ ಅದ ಗಾದಿ ಮ್ಯಾಲ ಕುಂತು, ಚಷ್ಮಾ ಹಾಕ್ಕೊಂಡು, ಈ ಬರಹದಾಗ ತಮ್ಮ ಹೆಸರು ಹುಡುಕತಾರ. ಮೊದಲನೇ ಸಾಲಿನಿಂದ ಕಡೀ ಸಾಲಿನ ಮಟಾ ಬೆರಳು ಹಿಡಕೋತ ಬರತಾರ. ಅದು ಸಿಗೂದಿಲ್ಲ. ಅವರು ಕೇಳಿದ್ದು ಸಿಗತೈತಿ: ಮಮತಾಜ.